ಪ್ರವಾಸ ಕಥನ ಮತ್ತು ಊರಿನ ಕಥನ: ಹಂಪಿ ಪರಿಸರವನ್ನು ಕುರಿತು ಒಂದು ವಿವೇಚನೆ

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬುದು ಕನ್ನಡದ ಜನಪ್ರಿಯ ಗಾದೆ. ಅರಿವಿನ ಎರಡು ದಾರಿಗಳಾಗಿ ಅದು ಸುತ್ತಾಟವನ್ನೂ ಓದನ್ನೂ ಅಕ್ಕಪಕ್ಕದಲ್ಲಿ ಇಡುತ್ತದೆ. ಪ್ರವಾಸ ಸಾಹಿತ್ಯ ಎಂಬ ಪ್ರಕಾರವು ಈ ಎರಡನ್ನೂ ಒಂದುಗೂಡಿಸಿತು. ಒಬ್ಬನು ಸುತ್ತುತ್ತಾನೆ, ಹಲವರು ಓದುತ್ತಾರೆ. ಆದರೆ ಈ ಗಾದೆಯಲ್ಲಿ ಒಂದು ಪಾತ್ರ ಮೌನವಾಗಿದೆ. ಸುತ್ತುವವನಿಗೆ ಏನು ದೊರೆಯಿತು, ಓದಿದವನಿಗೆ ಏನು ದೊರೆಯಿತು ಎಂಬುದನ್ನು ಅದು ಸೂಚಿಸುತ್ತದೆಯೇ ಹೊರತು, ಸುತ್ತಿಸಿಕೊಂಡ ಊರಿಗೆ ಏನಾಯಿತು ಎಂಬುದನ್ನು ಸೂಚಿಸುವುದಿಲ್ಲ.

ಕನ್ನಡದ ಪ್ರವಾಸ ಸಾಹಿತ್ಯ ವಿಮರ್ಶೆಯೂ ಬಹುಮಟ್ಟಿಗೆ ಈ ಗಾದೆಯ ಚೌಕಟ್ಟಿನಲ್ಲಿಯೇ ನಡೆದಿದೆ. ಲೇಖಕನ ವ್ಯಕ್ತಿತ್ವ, ನಿರೂಪಣೆಯ ಲವಲವಿಕೆ, ಮಾಹಿತಿಯ ಸಮೃದ್ಧಿ, ಹಾಸ್ಯಪ್ರಜ್ಞೆ ಮೊದಲಾದವು ಅದರ ಮಾನದಂಡಗಳು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗಳನ್ನು ಅಳೆಯಲು ಈ ಮಾನದಂಡಗಳು ಸಾಕಾಗಬಹುದು. ಕನ್ನಡದ ಒಂದು ಪುಸ್ತಕದಿಂದ ಲಂಡನ್ ಆಗಲಿ ನ್ಯೂಯಾರ್ಕ್ ಆಗಲಿ ಬದಲಾಗುವುದಿಲ್ಲ. ಮಹಾನಗರದ ಬಗೆಗೆ ಸಾವಿರ ವರ್ಣನೆಗಳಿರುತ್ತವೆ. ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಸಣ್ಣ ಊರಿನ ಸ್ಥಿತಿ ಹಾಗಲ್ಲ. ಅದರ ಬಗೆಗಿನ ವರ್ಣನೆಗಳು ಬೆರಳೆಣಿಕೆಯವು. ಅವೇ ಮತ್ತೆ ಮತ್ತೆ ಉದ್ಧೃತವಾಗುತ್ತವೆ. ಊರಿನ ಮಾತು ಅಚ್ಚಿಗೆ ಬರುವ ಮೊದಲೇ ಊರಿನ ಬಗೆಗಿನ ಮಾತು ಅಚ್ಚಾಗಿರುತ್ತದೆ. ಆದುದರಿಂದ ಸಣ್ಣ ಊರುಗಳ ಮಟ್ಟಿಗೆ ಪ್ರವಾಸ ಬರವಣಿಗೆಯು ವರ್ಣನೆ ಮಾತ್ರವಾಗಿರದೆ, ಆ ಊರಿನ ಬದುಕಿನಲ್ಲಿ ಭಾಗವಹಿಸುವ ಒಂದು ಶಕ್ತಿಯೂ ಆಗಿರುತ್ತದೆ.

ಈ ಮಾತನ್ನು ಹಂಪಿ, ಕಮಲಾಪುರ, ಆನೆಗೊಂದಿ, ಹೊಸಪೇಟೆಗಳ ಪರಿಸರವನ್ನು ಮುಂದಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಜಯನಗರದ ಚರಿತ್ರೆಯನ್ನು ಬರೆಯುವುದು ಇಲ್ಲಿಯ ಉದ್ದೇಶವಲ್ಲ. ಪ್ರವಾಸಿಗರ ಕಥನ ಹಾಗೂ ಊರಿನವರ ಮೌಖಿಕ ಕಥನ ಇವೆರಡೂ ಒಂದೇ ನೆಲದ ಮೇಲೆ ಹೇಗೆ ಎದುರಾದವು, ಒಂದು ಇನ್ನೊಂದನ್ನು ಹೇಗೆ ತಿದ್ದಿತು, ಎಲ್ಲಿ ಅಳಿಸಿತು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

1. ಮರೆತವರು ಯಾರು?

ಹಂಪಿಗೆ ಬಂದ ವಿದೇಶೀ ಪ್ರವಾಸಿಗರ ಪಟ್ಟಿ ನಮ್ಮ ಶಾಲಾ ಪಠ್ಯಗಳ ಮೂಲಕ ಎಲ್ಲರಿಗೂ ಪರಿಚಿತ. 15ನೆಯ ಶತಮಾನದ ಇಟಲಿಯ ನಿಕೊಲೊ ಕೊಂಟಿ, 1443ರಲ್ಲಿ ಬಂದ ಪರ್ಷಿಯಾದ ಅಬ್ದುರ್ ರಜಾಕ್, ಕೃಷ್ಣದೇವರಾಯನ ಕಾಲದ ಡೊಮಿಂಗೊ ಪಾಯಸ್, ಅಚ್ಯುತರಾಯನ ಕಾಲದ ಫೆರ್ನಾವೊ ನ್ಯೂನಿಜ್ ಇವರು ಆ ಪಟ್ಟಿಯ ಮುಖ್ಯರು. ಆದರೆ ಇವರ ಬರಹಗಳು ಬರೆದ ಕಾಲದಲ್ಲಿ ಹಂಪಿಯ ಮೇಲೆ ಯಾವ ಪರಿಣಾಮವನ್ನೂ ಬೀರಲಿಲ್ಲ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪಾಯಸ್ ಮತ್ತು ನ್ಯೂನಿಜರ ಹಸ್ತಪ್ರತಿಗಳು ಶತಮಾನಗಳ ಕಾಲ ಯುರೋಪಿನಲ್ಲಿಯೇ ಉಳಿದು, ಡೇವಿಡ್ ಲೋಪೆಸ್‌ನಿಂದ 1897ರಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಪ್ರಕಟವಾದವು. ಬಳ್ಳಾರಿಯಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ಅವುಗಳನ್ನು ಇಂಗ್ಲಿಷಿಗೆ ತಂದು ‘ಎ ಫರ್ಗಾಟನ್ ಎಂಪೈರ್’ ಗ್ರಂಥದಲ್ಲಿ ಸೇರಿಸಿದನು. ಹೀಗೆ 16ನೆಯ ಶತಮಾನದ ಪ್ರವಾಸ ಕಥನವು ಹಂಪಿಯನ್ನು ತಲುಪಿದ್ದು 20ನೆಯ ಶತಮಾನದಲ್ಲಿ.

ಸಿವೆಲ್‌ನ ಗ್ರಂಥದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಶೀರ್ಷಿಕೆಯಲ್ಲಿರುವ ‘ಮರೆತ’ ಎಂಬ ಮಾತನ್ನು ಜಾನಪದ ಅಧ್ಯಯನವು ಪ್ರಶ್ನಿಸಲೇಬೇಕಾಗುತ್ತದೆ. ಮರೆತವರು ಯಾರು? 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು ಎಂಬುದು ನಿಜ. ಆದರೆ ವಿರೂಪಾಕ್ಷನ ಪೂಜೆ ಮುಂದುವರಿಯಿತು. ಪಂಪಾದೇವಿಗೂ ವಿರೂಪಾಕ್ಷನಿಗೂ ನಡೆಯುವ ನಿಶ್ಚಿತಾರ್ಥವಾದ ಫಲಪೂಜೆ, ಚೈತ್ರದಲ್ಲಿ ನಡೆಯುವ ಕಲ್ಯಾಣೋತ್ಸವ ಮತ್ತು ತೇರು ಇವು ಇಂದಿಗೂ ಸುತ್ತಣ ಹಳ್ಳಿಗಳ ವಾರ್ಷಿಕ ಪಂಚಾಂಗದ ಭಾಗಗಳು. ವಿಜಯನಗರಕ್ಕೂ ಹಿಂದಿನ ಕಂಪಿಲಿಯ ಕುಮಾರರಾಮನ ಕಥೆಯನ್ನು ಈ ಭಾಗದ ಗಾಯಕರು ಹಾಡುತ್ತಲೇ ಬಂದರು. 2014ರಲ್ಲಿ ತೀರಿಕೊಂಡ ದರೋಜಿಯ ಬುರ್ರಕಥಾ ಈರಮ್ಮನವರು ಆ ಪರಂಪರೆಯ ದೊಡ್ಡ ಕೊಂಡಿ. ತುರ್ತಾ ಕಾಲುವೆಯಲ್ಲಿ ವಿಜಯನಗರದ ಕಾಲದಿಂದಲೂ ಹರಿದುಬಂದ ನೀರು ಇಂದಿಗೂ ಬಾಳೆಯ ತೋಟಗಳಿಗೆ ಹರಿಯುತ್ತಿದೆ. ನೀರುಗಂಟಿಯ ಮಟ್ಟಿಗೆ ಸಾಮ್ರಾಜ್ಯವು ಮರೆವಿಗೆ ಸಂದ ವಸ್ತುವಲ್ಲ. ಅದು ಅವನ ಪಾಳಿಯ ಕೆಲಸ. ಹಾಗಾದರೆ ಮರೆವು ಇದ್ದದ್ದು ಇಂಗ್ಲಿಷ್ ಓದುಗನಲ್ಲಿ. ಅವನಿಗೆ ತಿಳಿದೇ ಇರದಿದ್ದುದನ್ನು ‘ಮರೆತದ್ದು’ ಎಂದು ಕರೆಯಲಾಯಿತು. ಓದುಗನ ಅಜ್ಞಾನವು ಊರಿನ ಲಕ್ಷಣವಾಗಿ ದಾಖಲಾಯಿತು.

2. 1917ರ ಎರಡು ಪುಸ್ತಕಗಳು

1917ರಲ್ಲಿ ಎರಡು ಪುಸ್ತಕಗಳು ಪ್ರಕಟವಾದವು. ಒಂದು, ಪುರಾತತ್ವ ಇಲಾಖೆಯ ಎ.ಎಚ್. ಲಾಂಗ್‌ಹರ್ಸ್ಟ್ ಇಂಗ್ಲಿಷಿನಲ್ಲಿ ಬರೆದ ಹಂಪಿಯ ಅವಶೇಷಗಳ ಸಚಿತ್ರ ಕೈಪಿಡಿ. ಇನ್ನೊಂದು, ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’. ಮೊದಲನೆಯದು ಸಂದರ್ಶಕನಿಗೆ ದಾರಿ ತೋರಿಸಲು ಬರೆದುದು. ಎರಡನೆಯದು ಕನ್ನಡಿಗನನ್ನು ಎಚ್ಚರಿಸಲು ಬರೆದುದು. 1905ರಲ್ಲಿ ಹಂಪಿ-ಆನೆಗೊಂದಿಗಳನ್ನು ಕಂಡ ಅನುಭವವೇ ತಮ್ಮ ಕರ್ನಾಟಕತ್ವದ ಪ್ರೇರಣೆಯೆಂದು ಆಲೂರರು ಭಾವಿಸಿದ್ದರು. ಉದ್ದೇಶದಲ್ಲಿ ಈ ಎರಡು ಪುಸ್ತಕಗಳಿಗೆ ಹೋಲಿಕೆಯೇ ಇಲ್ಲ. ಆದರೂ ಎರಡೂ ಸೇರಿ ಹಂಪಿಯನ್ನು ನೋಡುವ ಒಂದು ಕ್ರಮವನ್ನು ನೆಲೆಗೊಳಿಸಿದವು. ಒಂದರಲ್ಲಿ ಹಂಪಿಯು ಕ್ರಮಸಂಖ್ಯೆಯಿರುವ ಸ್ಮಾರಕಗಳ ಸಾಲು. ಇನ್ನೊಂದರಲ್ಲಿ ಕಣ್ಣೀರಿಗೆ ಕಾರಣವಾಗುವ ವೈಭವದ ಸಮಾಧಿ. ಎರಡರಲ್ಲಿಯೂ ವರ್ತಮಾನದ ಊರಿಗೆ ಜಾಗ ಕಡಿಮೆ.

ಕನ್ನಡದ ಆಧುನಿಕ ಪ್ರವಾಸ ಸಾಹಿತ್ಯದ ಆರಂಭದ ಮುಖ್ಯ ಕೃತಿಗಳಲ್ಲಿ ಒಂದಾದ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯು ಹಂಪಿಯನ್ನೇ ಕುರಿತದ್ದು ಎಂಬುದು ಆಕಸ್ಮಿಕವಲ್ಲ. ಶೀರ್ಷಿಕೆಯಲ್ಲಿಯೇ ‘ಪ್ರವಾಸ’ವಲ್ಲದೆ ‘ಯಾತ್ರೆ’ ಇದೆ. ಯಾತ್ರಿಕನಿಗೆ ಸ್ಥಳವು ಫಲ ಕೊಡುವ ಕ್ಷೇತ್ರ. ಪ್ರವಾಸಿಗನಿಗೆ ಅದು ನೋಟ ಕೊಡುವ ತಾಣ. ಕನ್ನಡ ಪ್ರವಾಸ ಸಾಹಿತ್ಯವು ಈ ಎರಡು ಮನೋಧರ್ಮಗಳ ನಡುವೆ ಹುಟ್ಟಿತು. ಕ್ರಮೇಣ ಪತ್ರಿಕೆಗಳ ರವಿವಾರದ ಪುರವಣಿಗಳಿಗೆ ಇಳಿದಾಗ ಯಾತ್ರೆಯ ಭಕ್ತಿಯೂ ಹೋಯಿತು, ಗತವೈಭವದ ನೋವೂ ತೆಳುವಾಯಿತು. ‘ಹಾಳು ಹಂಪೆ’ ಎಂಬ ನುಡಿಗಟ್ಟು ಮಾತ್ರ ಉಳಿಯಿತು. ಅಂಥ ಲೇಖನಗಳಲ್ಲಿ ಮುಳುಗುವ ಸೂರ್ಯ, ಮಾತಂಗ ಪರ್ವತ, ಕಲ್ಲಿನ ರಥ ಇವು ತಪ್ಪದೆ ಬರುತ್ತವೆ. ಕಮಲಾಪುರದ ಕೆರೆ ಅಪರೂಪಕ್ಕೆ ಬರುತ್ತದೆ. ಅದರ ನೀರಿನಲ್ಲಿ ಬೆಳೆಯುವವರು ಬರುವುದೇ ಇಲ್ಲ. ದರೋಜಿಯು ಕರಡಿಧಾಮವಾಗಿ ಬರುತ್ತದೆ, ಈರಮ್ಮನ ಊರಾಗಿ ಬರುವುದು ತೀರ ಕಡಿಮೆ. ಕೃಷ್ಣದೇವರಾಯನು ಕಟ್ಟಿಸಿದ ಹೊಸ ಊರೆಂದು ಪಾಯಸ್ ಆಸಕ್ತಿಯಿಂದ ವರ್ಣಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾದ ಈ ಪಟ್ಟಣವು ಇಂದಿನ ಪ್ರವಾಸ ಲೇಖನಗಳಲ್ಲಿ ರೈಲಿನಿಂದ ಇಳಿಯುವ ಒಂದು ನಿಲ್ದಾಣ ಮಾತ್ರ.

3. ಹೆಸರುಗಳ ಪಲ್ಲಟ

ಸ್ಥಳನಾಮಗಳು ಮೌಖಿಕ ಪರಂಪರೆಯ ಅತ್ಯಂತ ಚಿಕ್ಕ ಕಥನಗಳು. ಹಂಪಿಯ ಊರಿನವರ ಹೆಸರುಗಳನ್ನು ಗಮನಿಸಿದರೆ ಅವುಗಳ ಹಿಂದಿನ ನೋಟಕ್ರಮ ತಿಳಿಯುತ್ತದೆ. ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ ಇವು ಬೃಹತ್ ಶಿಲ್ಪಗಳನ್ನು ಅಡುಗೆಮನೆಯ ಕಾಳಿಗೆ ಹೋಲಿಸಿ ಮನೆಯವರನ್ನಾಗಿ ಮಾಡಿಕೊಂಡ ಹೆಸರುಗಳು. ತೇರುಬೀದಿಯ ತುದಿಯಲ್ಲಿ ವಿರೂಪಾಕ್ಷನಿಗೆ ಅಭಿಮುಖವಾಗಿ ಕುಳಿತಿರುವ ನಂದಿಯು ‘ಎದುರು ಬಸವಣ್ಣ’. ಈ ಹೆಸರಿನಲ್ಲಿ ಬಸವನ ಸ್ಥಾನವೂ ಸಂಬಂಧವೂ ಇದೆ: ಯಾರಿಗೆ ಎದುರು ಎಂಬ ಪ್ರಶ್ನೆಗೆ ವಿರೂಪಾಕ್ಷನೇ ಉತ್ತರ. ಪ್ರವಾಸಿ ಕೈಪಿಡಿಗಳಲ್ಲಿ ಇದೇ ಬಸವಣ್ಣ ‘ಏಕಶಿಲಾ ವೃಷಭ’. ಇಲ್ಲಿ ಕಲ್ಲು ಉಳಿದಿದೆ, ಸಂಬಂಧ ಹೋಗಿದೆ. ‘ರಾಣಿಯ ಸ್ನಾನಗೃಹ’, ‘ಜನಾನಾ ಆವರಣ’ ಮುಂತಾದ ಹೆಸರುಗಳು ಊಹೆಯಿಂದ ಬಂದವು ಎಂಬುದನ್ನು ಪುರಾತತ್ವ ಸಂಶೋಧಕರೇ ಹೇಳಿದ್ದಾರೆ. ಆದರೂ ಫಲಕಗಳ ಮೇಲೆ ಅವೇ ಸ್ಥಿರವಾಗಿವೆ.

ಇನ್ನೂ ಹತ್ತಿರದ ಕಾಲದ ಉದಾಹರಣೆಯೆಂದರೆ ನದಿಯ ಆಚೆ ದಡದಲ್ಲಿರುವ, ಕೊಪ್ಪಳ ಜಿಲ್ಲೆಗೆ ಸೇರಿದ ವಿರೂಪಾಪುರ ಗಡ್ಡೆ. ಹೊಳೆಯ ನಡುವೆ ಎದ್ದ ನೆಲಕ್ಕೆ ಈ ಸೀಮೆಯಲ್ಲಿ ‘ಗಡ್ಡೆ’ ಅಥವಾ ‘ಗಡ್ಡಿ’ ಎನ್ನುತ್ತಾರೆ. ರೋಮನ್ ಲಿಪಿಯಲ್ಲಿ ಗಡ್ಡೆಗೂ ಗದ್ದೆಗೂ ಭೇದ ಉಳಿಯುವುದಿಲ್ಲ. ಮುಂದೆ ವಿದೇಶೀ ಪ್ರವಾಸಿಗರ ಬಳಕೆಯಲ್ಲಿ ಅದು ‘ಹಿಪ್ಪಿ ದ್ವೀಪ’ವಾಯಿತು. ವಿರೂಪಾಕ್ಷನ ಹೆಸರೂ ಹೋಯಿತು, ಹೊಳೆಯ ನುಡಿಯೂ ಹೋಯಿತು. ಹೊಸ ಹೆಸರನ್ನು ಓದಿ ಬಂದವರು ಆ ಹೆಸರಿಗೆ ತಕ್ಕ ಊರನ್ನು ಹುಡುಕಿದರು. ಹುಡುಕಿದವರಿಗಾಗಿ ಅಂಥ ಊರು ನಿರ್ಮಾಣವಾಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ ಅಲ್ಲಿಯ ಅನಧಿಕೃತ ವಸತಿಗೃಹಗಳನ್ನು ಕೆಡವಲಾಯಿತು. ಹೆಸರು ಮೊದಲು ಬಂದು ವಸ್ತು ಆಮೇಲೆ ಬಂದ ಅಪರೂಪದ ನಿದರ್ಶನವಿದು.

4. ಓದು ಕಲ್ಲನ್ನು ಮುಟ್ಟಿದಾಗ

ಪ್ರವಾಸ ಬರಹವು ಓದುಗನ ಮೇಲೆ ಬೀರುವ ಪರಿಣಾಮವನ್ನು ತಿಳಿಯಲು ವಿಜಯವಿಠ್ಠಲ ದೇವಾಲಯದ ‘ಸಂಗೀತ ಕಂಬ’ಗಳಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ತಟ್ಟಿದರೆ ನಾದ ಹೊಮ್ಮುತ್ತದೆ ಎಂದು ಲೇಖನಗಳು ಬರೆದವು. ಓದಿದವರೆಲ್ಲ ಬಂದು ತಟ್ಟಿದರು. ಓದಿದ್ದನ್ನು ಕೈಯಿಂದ ಖಚಿತಪಡಿಸಿಕೊಳ್ಳುವ ಈ ಆಸೆ ಸಹಜವಾದುದು. ಆದರೆ ಒಬ್ಬನು ತಟ್ಟಿದ್ದನ್ನು ವರ್ಣಿಸುವ ವಾಕ್ಯವು ಸಾವಿರಾರು ಓದುಗರ ಮಟ್ಟಿಗೆ ಆಜ್ಞಾವಾಕ್ಯವಾಗಿ ಪರಿಣಮಿಸಿತು. ಕೊನೆಗೆ ಕಂಬಗಳ ರಕ್ಷಣೆಗಾಗಿ ತಟ್ಟುವುದನ್ನೇ ನಿಷೇಧಿಸಬೇಕಾಯಿತು. ಇಂದಿನ ಓದುಗನು ನಾದವನ್ನು ಪುಸ್ತಕದಲ್ಲಿ ಮಾತ್ರ ಕೇಳಬಲ್ಲ. ಕಂಬದೊಳಗೆ ಏನಿದೆ ಎಂದು ನೋಡಲು ಬ್ರಿಟಿಷರು ಅದನ್ನು ಕತ್ತರಿಸಿದರು ಎಂಬ ಕಥೆಯನ್ನು ಮಾರ್ಗದರ್ಶಿಗಳು ತಪ್ಪದೆ ಹೇಳುತ್ತಾರೆ. ಅದರ ಚಾರಿತ್ರಿಕ ಸತ್ಯ ಏನೇ ಇರಲಿ, ನೋಡಲು ಬಂದವನ ಕುತೂಹಲವೇ ನೋಡಿದ ವಸ್ತುವನ್ನು ಕೆಡಿಸುತ್ತದೆ ಎಂಬ ತಿಳಿವಳಿಕೆ ಅದರಲ್ಲಿದೆ. ಇದು ಹೊಸ ಜಾನಪದ. ಪ್ರವಾಸಿಗನೇ ಇದರ ವಸ್ತು.

ಕಥನವು ಊರಿಗೆ ಮರಳಿ ಬರುವ ಇನ್ನೊಂದು ಬಗೆಯೂ ಇದೆ. ಹಂಪಿಯಲ್ಲಿ ಮುತ್ತುರತ್ನಗಳನ್ನು ಬೀದಿಯಲ್ಲಿ ರಾಶಿ ಸುರಿದು ಬಳ್ಳದಿಂದ ಅಳೆದು ಮಾರುತ್ತಿದ್ದರು ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಅಬ್ದುರ್ ರಜಾಕನು ಮುಖ್ಯವಾಗಿ ಹೇಳುವುದು, ರತ್ನಪಡಿ ವ್ಯಾಪಾರಿಗಳು ಪೇಟೆಯಲ್ಲಿ ಬಹಿರಂಗವಾಗಿ ಮಾರುತ್ತಿದ್ದರು ಎಂಬುದನ್ನು. ರಾಶಿ ಮತ್ತು ಬಳ್ಳ ಇವೆರಡೂ ಕಣದ ಮಾತುಗಳು. ಪರ್ಷಿಯನ್ ರಾಯಭಾರಿಯ ವಾಕ್ಯವು ಇಂಗ್ಲಿಷಿಗೆ ಬಂದು, ಅಲ್ಲಿಂದ ಪಠ್ಯಪುಸ್ತಕಕ್ಕೆ ಬಂದು, ಜನರ ಬಾಯಿಗೆ ಬೀಳುವಾಗ ಸುಗ್ಗಿಯ ಚಿತ್ರವಾಗಿ ಮಾರ್ಪಟ್ಟಿತೆಂದು ನಾನು ಭಾವಿಸುತ್ತೇನೆ. ಜೋಳದ ರಾಶಿಯನ್ನು ಕಂಡ ಕಣ್ಣು ಮಾತ್ರ ಮುತ್ತಿನ ರಾಶಿಯನ್ನು ಹೀಗೆ ಕಲ್ಪಿಸಿಕೊಳ್ಳಬಲ್ಲದು. ಊರು ಪ್ರವಾಸಿಯ ಮಾತನ್ನು ಕೇವಲ ಸ್ವೀಕರಿಸುವುದಿಲ್ಲ, ಅದನ್ನು ತನ್ನ ಅಳತೆಯ ಪಾತ್ರೆಗೆ ತುಂಬಿಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಈ ಸೃಜನಶೀಲತೆಗೆ ಮಿತಿಯಿದೆ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಕಮಲಾಪುರದ ಯುವ ಮಾರ್ಗದರ್ಶಿಯೊಬ್ಬರು ನನಗೆ ಪಾಯಸ್‌ನ ಅಭಿಪ್ರಾಯಗಳನ್ನು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಒಪ್ಪಿಸಿದರು: ನಗರವು ರೋಮ್‌ನಷ್ಟು ದೊಡ್ಡದು, ಜಗತ್ತಿನಲ್ಲಿಯೇ ಸಕಲ ವಸ್ತುಸಮೃದ್ಧವಾದುದು, ಇತ್ಯಾದಿ. ಅವರ ಅಜ್ಜಿಯು ನಿಂಬಾಪುರದ ಬೂದಿದಿಬ್ಬದ ಬಗ್ಗೆ ಏನು ಹೇಳುತ್ತಿದ್ದರು ಎಂದು ಕೇಳಿದೆ. ವಾಲಿಯನ್ನು ಸುಟ್ಟ ಜಾಗವೆಂದು ಆ ದಿಬ್ಬಕ್ಕೆ ಪ್ರತೀತಿ. ಅವರು ನಕ್ಕು, ಅವೆಲ್ಲ ಹೇಳಿದರೆ ಗಿರಾಕಿಗಳು ಕೇಳುವುದಿಲ್ಲ, ‘ಪುಸ್ತಕದಾಗ ಇದ್ದದ್ದ ಕೇಳ್ತಾರ್ರಿ’ ಎಂದರು. ರೋಮ್ ನಗರವನ್ನು ಕಾಣದ ಯುವಕ ತನ್ನ ಊರನ್ನು ರೋಮ್‌ನ ಅಳತೆಯಲ್ಲಿ ಹೇಳುತ್ತಿದ್ದರು. ದಿನವೂ ಕಾಣುವ ದಿಬ್ಬದ ಬಗ್ಗೆ ಸುಮ್ಮನಿದ್ದರು. ಅಜ್ಞಾನ ಇದಕ್ಕೆ ಕಾರಣವಲ್ಲ, ಯಾವ ಕಥೆಗೆ ಬೆಲೆಯಿದೆ ಎಂಬ ಲೆಕ್ಕಾಚಾರ ಕಾರಣ. ಓದುಗನ ನಿರೀಕ್ಷೆಯೇ ಇಲ್ಲಿ ನಿರೂಪಕನನ್ನು ತಿದ್ದಿದೆ.

5. ತೇರುಬೀದಿಯ ಪ್ರಶ್ನೆ

ಈವರೆಗಿನ ಚರ್ಚೆಯು ಹೆಸರು-ಕಥೆಗಳಿಗೆ ಸೀಮಿತವಾದುದು ಎನ್ನಿಸಬಹುದು. ಆದರೆ ಕಥನಗಳು ಮನೆಗಳನ್ನೂ ಮುಟ್ಟುತ್ತವೆ. ವಿರೂಪಾಕ್ಷ ದೇವಾಲಯದ ಮುಂದೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದಕ್ಕೆ ಚಾಚಿರುವ ತೇರುಬೀದಿಯ ಸಾಲುಮಂಟಪಗಳಲ್ಲಿ ಜನವಸತಿಯಿತ್ತು. 1986ರಲ್ಲಿ ಹಂಪಿಯು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. 2002ರಲ್ಲಿ ಹಂಪಿ ವಿಶ್ವಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯಿದೆ ಬಂದಿತು. 2011ರ ಜುಲೈ ತಿಂಗಳ ಕೊನೆಯಲ್ಲಿ ಬಜಾರಿನ ಮಂಟಪಗಳಲ್ಲಿ ಕಟ್ಟಿಕೊಂಡಿದ್ದ ಮನೆ-ಅಂಗಡಿಗಳನ್ನು ತೆರವುಗೊಳಿಸಲಾಯಿತು. ನೂರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಕಡ್ಡಿರಾಂಪುರದ ಬಳಿ ಅವರಿಗೆ ನಿವೇಶನಗಳನ್ನು ಗೊತ್ತುಮಾಡಲಾಯಿತು.

ಸ್ಮಾರಕ ರಕ್ಷಣೆಯ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪ್ರಾಚೀನ ಕಂಬಗಳಿಗೆ ಇಟ್ಟಿಗೆ-ಸಿಮೆಂಟಿನ ಗೋಡೆ ಸೇರಿಸಿದ್ದು, ಮೇಲೆ ಮಾಳಿಗೆ ಏರಿಸಿದ್ದು ನಿಜ. ಪ್ರವಾಸ ಬರಹಗಳೇ ತೆರವಿಗೆ ಕಾರಣವೆಂದು ಹೇಳುವುದೂ ಅತಿರೇಕವಾಗುತ್ತದೆ. ಅದು ಕಾನೂನು ಮತ್ತು ಆಡಳಿತದ ಕ್ರಮ. ಆದರೆ ಎರಡು ಸಂಗತಿಗಳನ್ನು ಪರಿಗಣಿಸಬೇಕು. ಮೊದಲನೆಯದಾಗಿ, ಮನೆಗಳು ವಸತಿಗೃಹಗಳಾದದ್ದು, ಜಗಲಿಗಳು ಅಂಗಡಿಗಳಾದದ್ದು ಬಹುಮಟ್ಟಿಗೆ ಓದಿ ಬಂದ ಪ್ರವಾಸಿಗರಿಗಾಗಿ. ಬರಹವು ಓದುಗರನ್ನು ಕಳಿಸಿತು, ಓದುಗರು ವ್ಯಾಪಾರವನ್ನು ತಂದರು, ವ್ಯಾಪಾರವು ನಿವಾಸಿಗಳನ್ನು ‘ಅತಿಕ್ರಮಣಕಾರ’ರನ್ನಾಗಿಸಿತು. ಎರಡನೆಯದಾಗಿ, ಒಂದು ಶತಮಾನದ ಕಾಲ ಹಂಪಿಯನ್ನು ನಿರ್ಜನ ಅವಶೇಷವೆಂದು ವರ್ಣಿಸಿದ ಪರಂಪರೆಯು, ಅಲ್ಲಿ ಜನರಿರುವುದೇ ಒಂದು ಅಸಂಗತಿ ಎಂಬ ಭಾವನೆಯನ್ನು ವಿದ್ಯಾವಂತ ಓದುಗರಲ್ಲಿ ಬೇರೂರಿಸಿತ್ತು. ತೆರವಿನ ಸುದ್ದಿಯನ್ನು ಓದಿದ ಅನೇಕರಿಗೆ ಊರೊಂದು ಖಾಲಿಯಾಯಿತು ಎನ್ನಿಸದೆ, ಚಿತ್ರವೊಂದು ಶುಚಿಯಾಯಿತು ಎನ್ನಿಸಿದ್ದರೆ ಅದಕ್ಕೆ ಈ ಓದಿನ ಸಂಸ್ಕಾರವೂ ಕಾರಣ.

ಹಾಗೆ ಸ್ಥಳಾಂತರಗೊಂಡ ವೃದ್ಧೆಯೊಬ್ಬರನ್ನು ಫಲಪೂಜೆಯ ಹಾಡುಗಳ ಸಂಗ್ರಹಕ್ಕಾಗಿ ಭೇಟಿಯಾಗಿದ್ದೆ. ಹಾಡು ಮುಗಿದ ಮೇಲೆ ಅವರು ಹೇಳಿದರು: ‘ತೇರು ನಮ್ಮ ಬಾಗಿಲಿಗೆ ಬರ್ತಿತ್ರಿ. ಈಗ ನಾವ ತೇರಿಗೆ ಬಸ್ ಹತ್ತಿ ಹೋಗ್ಬೇಕು. ಬರೆಯಾಕ ಬಂದೋರು ಬಾಳ ಮಂದಿ, ಎಲ್ಲಾರೂ ಕಲ್ಲ ಬರ್ಕೊಂಡು ಹೋದ್ರು.’ ನಾನೂ ಬರೆದುಕೊಳ್ಳಲು ಹೋದವನೇ. ಜಾನಪದ ಸಂಗ್ರಾಹಕನು ಪ್ರವಾಸಿಗನಿಗಿಂತ ಭಿನ್ನನೆಂದು ನಾವು ಭಾವಿಸಿಕೊಳ್ಳುತ್ತೇವೆ. ಊರಿಗೆ ಬಂದು, ಕೆಲವು ದಿನವಿದ್ದು, ಬರೆದುಕೊಂಡು ಹೋಗಿ, ಬೇರೆಲ್ಲೋ ಅಚ್ಚು ಹಾಕಿಸುವ ನಮ್ಮ ಕೆಲಸಕ್ಕೂ ಪ್ರವಾಸ ಬರವಣಿಗೆಗೂ ಇರುವ ಅಂತರ ಎಷ್ಟೆಂಬುದನ್ನು ಆ ಮಾತು ಪ್ರಶ್ನಿಸುತ್ತದೆ. ಆ ಹಾಡುಗಳ ಪ್ರತಿಯನ್ನು ಅವರಿಗೆ ಮರಳಿ ಮುಟ್ಟಿಸಲು ನನಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

6. ಅಕ್ಕತಂಗಿಯರ ಗುಡ್ಡ

ಕಮಲಾಪುರದಿಂದ ಹಂಪಿಗೆ ಹೋಗುವ ದಾರಿಯಲ್ಲಿ ಒಂದಕ್ಕೊಂದು ತಲೆ ಕೊಟ್ಟು ನಿಂತ ಎರಡು ಬೃಹತ್ ಬಂಡೆಗಳಿವೆ. ಊರಿನವರು ಅದನ್ನು ಅಕ್ಕತಂಗಿಯರ ಗುಡ್ಡ ಎನ್ನುತ್ತಾರೆ. ಹಂಪಿ ನೋಡಲು ಬಂದ ಅಕ್ಕತಂಗಿಯರಿಬ್ಬರು ಊರನ್ನು ಹಳಿದರು, ಕಲ್ಲಾದರು ಎಂಬುದು ಅದರ ಕಥೆ. ಹೊಟ್ಟೆಕಿಚ್ಚಿನಿಂದ ಆಡಿದರು ಎಂದು ಕೆಲವರು, ಹಾಸ್ಯ ಮಾಡಿದರು ಎಂದು ಕೆಲವರು ಹೇಳುತ್ತಾರೆ. ಪ್ರವಾಸಿ ಲೇಖನಗಳಲ್ಲಿ ಇದು ‘ಸ್ವಾರಸ್ಯಕರ ದಂತಕಥೆ’ಯಾಗಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಇದು ಪ್ರವಾಸ ಕಥನವನ್ನು ಕುರಿತು ಊರು ಮಾಡಿದ ವಿಮರ್ಶೆ. ಅಕ್ಕತಂಗಿಯರು ಹೊರಗಿನಿಂದ ಬಂದ ನೋಡುಗರು. ಅವರು ಕಂಡದ್ದರ ಬಗ್ಗೆ ಮಾತಾಡಿದರು. ಆ ಮಾತಿಗೆ ಫಲವಿತ್ತು ಮತ್ತು ಆ ಫಲವನ್ನು ಮಾತಾಡಿದವರೇ ಉಂಡರು. ಬಂದವನ ಮಾತು ಅವನನ್ನೇ ಕಟ್ಟಿಹಾಕುತ್ತದೆ ಎಂಬುದು ಮೌಖಿಕ ಸಮಾಜದ ನ್ಯಾಯ. ಅಲ್ಲಿ ಆಡುವವನೂ ಕೇಳುವವನೂ ಎದುರುಬದುರಾಗಿರುತ್ತಾರೆ.

ಅಚ್ಚಿನ ಲೋಕದಲ್ಲಿ ಈ ನ್ಯಾಯ ತಿರುಗುಮುರುಗಾಗಿದೆ. ಬರೆದವನು ಹೊರಟುಹೋಗಿರುತ್ತಾನೆ, ಓದುವವನು ಇನ್ನೂ ಬಂದಿರುವುದಿಲ್ಲ, ಫಲ ಮಾತ್ರ ಊರಿನ ಪಾಲಿಗೆ. ಆಗ ಆಡಿದವರು ಕಲ್ಲಾಗಿದ್ದರು. ಈಗ ಊರೇ ಕಲ್ಲಾಗಿದೆ. 2019ರಲ್ಲಿ ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ನೋಡಬೇಕಾದ 52 ಸ್ಥಳಗಳ ಪಟ್ಟಿಯಲ್ಲಿ ಹಂಪಿಗೆ ಎರಡನೆಯ ಸ್ಥಾನ ಕೊಟ್ಟಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆಯಲ್ಲಿ ತಪ್ಪಿಲ್ಲ. ಆದರೆ ಯಾರದೋ ಪಟ್ಟಿಯಲ್ಲಿ ಎರಡನೆಯದಾಗುವ ಊರು ತನ್ನ ಪಂಚಾಂಗದಲ್ಲಿ ಎಷ್ಟನೆಯದಾಗಿ ಉಳಿದಿದೆ ಎಂದೂ ಕೇಳಿಕೊಳ್ಳಬೇಕು.

ಒಟ್ಟಿನಲ್ಲಿ, ಪ್ರವಾಸ ಸಾಹಿತ್ಯದ ವಿಮರ್ಶೆಯು ಇನ್ನು ಮುಂದೆ ಬರೆದವನ ಶೈಲಿಯನ್ನು ಮಾತ್ರ ನೋಡಿದರೆ ಸಾಲದು. ಬರೆದದ್ದು ಊರಿಗೆ ಮರಳಿತೇ, ಮರಳಿದಾಗ ಊರು ಅದರಲ್ಲಿ ತನ್ನನ್ನು ಗುರುತಿಸಿತೇ, ಓದಿ ಬಂದವನಿಗೆ ಪುಸ್ತಕದಲ್ಲಿ ಇಲ್ಲದ್ದನ್ನು ಕಾಣುವ ಅವಕಾಶ ಉಳಿಯಿತೇ ಎಂಬ ಪ್ರಶ್ನೆಗಳೂ ಅದರ ಮಾನದಂಡಗಳಾಗಬೇಕು. ಊರಿನ ಕಥನಗಳನ್ನು ಸಂಗ್ರಹಿಸುವ ನಮ್ಮಂಥವರಿಗೂ ಇವು ಅನ್ವಯಿಸುತ್ತವೆ. ಈ ಸಂಪುಟವು ಗ್ರಂಥಾಲಯಗಳನ್ನು ಸೇರುತ್ತದೆ. ಅವುಗಳಲ್ಲಿ ಒಂದು ಪ್ರತಿಯಾದರೂ ಕಮಲಾಪುರದಲ್ಲೋ ಕಡ್ಡಿರಾಂಪುರದಲ್ಲೋ ಯಾರಾದರೂ ತೆರೆದು, ಇದು ನಮ್ಮ ಊರಲ್ಲ ಎಂದೋ, ಹೌದು ಎಂದೋ ಹೇಳುವಂತಾದರೆ ಈ ವಿವೇಚನೆಗೆ ಮುಂದಿನ ಅಧ್ಯಾಯ ದೊರೆತಂತಾಗುತ್ತದೆ.